ಹೊಳೆಯ ಮಣ್ಣಿನ ಮೈಬಣ್ಣ

“ಹೊಳೇಲಿ ಮಣ್ಣು ಅಗೀರಿ, ಬೇಡ ಅನ್ನಲ್ಲ. ಆದ್ರೆ ಕೈಕಾಲಿರೋ ಮಣ್ಣೇನಾದ್ರೂ ಸಿಕ್ರೆ ಮುರೀಬೇಡಿ, ಬಣ್ಣದಯ್ಯಾ. ಎರಡೂ ಕೈಲಿ ಎತ್ಕೊಂಡು, ಹೆಂಗಿದೆಯೋ ಹಂಗೇ ನನ್ನತ್ರ ತನ್ನಿ.”

ಗೋರ್ಮಲ್ ಅಜ್ಜಿ ಇದನ್ನು ಹೇಳಿದ್ದು ಬೆನ್ನ ಮೇಲೆ ಒಂದು ಬುಟ್ಟಿ ಉರುವಲು ಹೊತ್ತುಕೊಂಡು, ಕೈಯಲ್ಲಿ ಕಾಲುಚೀಲ ಹೆಣೆಯುತ್ತಾ, ಹೊಳೆಯ ಕಲ್ಲುಗಳನ್ನು ದಾಟುತ್ತಾ. ಆ ಸೀಮೆಯ ಹೆಂಗಸರೇ ಹಾಗೆ, ಕೈ ಖಾಲಿ ಇದ್ದರೆ ಅವರಿಗೆ ನಡೆಯಲು ಬರುವುದಿಲ್ಲ.

ನಿನಿಯನ್ ಪರ್ಡಿ ಸನಿಕೆ ಊರಿಕೊಂಡು ನಕ್ಕ. “ಕೈಕಾಲಿರೋ ಮಣ್ಣಾ? ಮೀಸೆನೂ ಇದ್ರೆ ಏನ್ ಮಾಡ್ಲಿ ಅಜ್ಜಿ, ಕ್ಷೌರ ಮಾಡಿಸ್ಕೊಂಡು ತರ್ಲಾ?”

ಅಜ್ಜಿ ನಿಂತಳು. ಹೆಣಿಗೆಯ ಕಡ್ಡಿಗಳೂ ನಿಂತವು. “ನಗಿ. ನಿಮ್ಮ ಎಡಿನ್‌ಬರೋದಲ್ಲಿ ನಗೋಕೂ ಕಾಸು ಕೊಡ್ಬೇಕೇನೋ, ಇಲ್ಲಿ ಬಿಟ್ಟಿ. ಆದ್ರೆ ಮುರೀಬೇಡಿ.”

ಅಷ್ಟೆಂದು ಅವಳು ದಡ ಹತ್ತಿ ಹೋದಳು. ನಿನಿಯನ್ ಮತ್ತೆ ಕೆಸರಿಗೆ ಕೈ ಹಾಕಿದ.

ಅವನು ಬಣ್ಣದ ಮನುಷ್ಯ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಮಹಾರಾಣಿಯರನ್ನೂ ದೇವತೆಯರನ್ನೂ ಬರೆದದ್ದು ಸಾಕು ಎಂದು ಆಗ ಚಿತ್ರಕಾರರ ಒಂದು ಗುಂಪೇ ಹೊರಟಿತ್ತು. ಸಾವಿರದ ಎಂಟುನೂರ ಎಂಬತ್ತರ ಆಸುಪಾಸಿನ ಮಾತು ಇದು. ನಿನಿಯನ್ ಆ ಗುಂಪಿನ ಬಾಲ. ಅವನು ಬರೆದ ಹಳ್ಳಿ ಹುಡುಗಿಯರೆಲ್ಲ ಹಾಲು ಕುಡಿದು ಎದ್ದು ಬಂದವರಂತೆ ಕಾಣುತ್ತಾರೆ ಎಂದು ಗೆಳೆಯರು ಆಡಿಕೊಂಡಿದ್ದರು. ಆ ಮಾತು ಅವನಿಗೆ ಎದೆಯಲ್ಲಿ ಚುಚ್ಚಿಕೊಂಡೇ ಇತ್ತು. ನಿಜವಾದ ದಣಿವು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾ ಪಡುವಣ ಕಡಲಂಚಿನ ಆರ್ಡ್‌ವೋರ್‌ಗೆ ಬಂದ. ಎರಡು ಹೊಳೆಗಳ ನಡುವೆ, ಹೆಂಟೆಗೋಡೆಯ ನಾಲ್ಕಾರು ಗುಡಿಸಲು. ಅಲ್ಲಿ ಗೋರ್ಮಲ್ ಅಜ್ಜಿಯ ಮೊಮ್ಮಗಳು ಮಾರ್ಸಲಿಯನ್ನು ಕಂಡ.

ಹನ್ನೊಂದರ ಹುಡುಗಿ. ತಾಯಿ ಇಲ್ಲ, ತಂದೆ ಮೀನಿನ ಹಂಗಾಮಿಗೆ ಮೂಡಣ ಕರಾವಳಿಗೆ ಹೋಗಿದ್ದ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಅಂಗೈಗಳು ಮಡಿಲಲ್ಲಿ ಮೇಲ್ಮುಖವಾಗಿ ಬಿದ್ದಿದ್ದವು, ತುಟಿ ಅರ್ಧ ತೆರೆದಿತ್ತು, ಕಣ್ಣ ಕೆಳಗೆ ಬೂದಿ ಬಳಿದಂತಿತ್ತು. ಚಳಿಗಾಲದಿಂದಲೂ ಹೀಗೆಯೇ, ದಿನ ದಿನಕ್ಕೂ ಕರಗುತ್ತಿದ್ದಾಳೆ, ಊರಿನ ಮದ್ದೆಲ್ಲ ಮುಗಿಯಿತು ಎಂದು ಅಜ್ಜಿ ಹೇಳಿದಳು. ಕೇಳಿಸಿಕೊಳ್ಳುತ್ತಿದ್ದ ನಿನಿಯನ್‌ಗೆ, ಹೇಳಲು ನಾಚಿಕೆಯಾಗಬೇಕು, ಖುಷಿಯಾಯಿತು. ಅಜ್ಜಿಯ ಮನೆಯಲ್ಲೇ, ದನ ಕಟ್ಟುವ ಅರ್ಧದಲ್ಲಿ, ಬಾಡಿಗೆಗೆ ಇಳಿದ. ಹಲಗೆಯ ಅಡ್ಡಗೋಡೆಯ ಈಚೆ ಅವನು ಮತ್ತು ಹಸು, ಆಚೆ ಅಜ್ಜಿ ಮತ್ತು ಮೊಮ್ಮಗಳು. ಸಗಣಿ, ಗಂಜಳ, ಹೊಗೆ, ಹುಳಿತ ಹಾಲು, ಎಲ್ಲ ವಾಸನೆ ಒಟ್ಟಿಗೆ. ಕಿಟಕಿ ಎಂಬುದಿಲ್ಲ, ಬಾಗಿಲು ತೆರೆದರಷ್ಟೇ ಬೆಳಕು.

ಚಿತ್ರ ಶುರುವಾಯಿತು. ಲಂಗ ಬಂತು, ಬುಟ್ಟಿ ಬಂತು, ಗೋಡೆ ಬಂತು. ಮೈಬಣ್ಣ ಮಾತ್ರ ಬರಲಿಲ್ಲ. ಕೊಳವೆಯ ಬಣ್ಣದಲ್ಲಿ ಏನು ಬೆರೆಸಿದರೂ ಹುಡುಗಿಯ ಕೆನ್ನೆ ಗೆಲುವಾಗಿಬಿಡುತ್ತಿತ್ತು. ಈ ನೆಲದವರ ಮೈಗೆ ಈ ನೆಲದ ಮಣ್ಣೇ ಬೇಕು ಎಂದು ತಲೆಗೆ ಹೊಳೆದು ಅವನು ಸನಿಕೆ ಹಿಡಿದು ಹೊಳೆಗೆ ಇಳಿದಿದ್ದ.

ಅಜ್ಜಿ ಕಣ್ಮರೆಯಾದ ಸ್ವಲ್ಪ ಹೊತ್ತಿಗೇ ಅವನ ಬೆರಳಿಗೆ ಅದು ತಗಲಿತು. ಒಂದು ಚಪ್ಪಟೆ ಕಲ್ಲಿನ ಕೆಳಗೆ, ಹರಿವಿಗೆ ತಲೆ ಕೊಟ್ಟು ಮಲಗಿಸಿದ್ದ ಮಣ್ಣಿನ ಬೊಂಬೆ. ಗೇಣುದ್ದ. ಪಾದಗಳು ಆಗಲೇ ಕರಗಿ ಹೋಗಿದ್ದವು. ಪಕ್ಕೆಗೂ ಹಣೆಗೂ ಮುಳ್ಳು ಚುಚ್ಚಿತ್ತು. ಹಿಡಿದರೆ ಲೋಳೆ. ಹೊಟ್ಟೆಯ ಬಿರುಕಿನಿಂದ ಕೆಂಗೂದಲ ಒಂದು ಕುಚ್ಚು ಹೊರಚಾಚಿತ್ತು, ಜೊತೆಗೆ ಕತ್ತರಿಸಿದ ಉಗುರಿನ ಚೂರುಗಳು, ಹಳದಿಗಟ್ಟಿದ ಎಂಥದೋ ಕೊಬ್ಬು. ಮೂಗಿನ ಹತ್ತಿರ ತಂದ ಕೂಡಲೇ ಅವನಿಗೆ ಓಕರಿಕೆ ಬಂತು. ಬಿಸಿಲಲ್ಲಿ ಮರೆತು ಬಿಟ್ಟ ಮೀನಿನ ಕರುಳು, ಅದರ ಮೇಲೆ ತೊಳೆಯದ ತಲೆಗೂದಲು, ಅಂಥ ನಾತ.

ಎಸೆಯಲು ಕೈ ಎತ್ತಿದವನು ತನ್ನ ಬೆರಳು ನೋಡಿಕೊಂಡ. ಬೆರಳಿಗೆ ಮೆತ್ತಿದ್ದ ಬಣ್ಣ ನೋಡಿಕೊಂಡ. ಬೂದು ಅಲ್ಲ, ಹಳದಿ ಅಲ್ಲ. ಮಾರ್ಸಲಿಯ ಕಣ್ಣ ಕೆಳಗಿನದೇ ಬಣ್ಣ.

ಎರಡೂ ಕೈಲಿ ಎತ್ತಬೇಕು ಎಂದಿದ್ದಳು ಮುದುಕಿ. ಅವನು ಬೇಕೆಂದೇ ಒಂದೇ ಕೈಯಲ್ಲಿ ಎತ್ತಿ ಕೋಟಿನ ಜೇಬಿಗೆ ತುರುಕಿಕೊಂಡ.

ಕೊಟ್ಟಿಗೆಗೆ ಬಂದು ಮೊದಲು ಮುಳ್ಳುಗಳನ್ನು ಕಿತ್ತ. ಎಷ್ಟೋ ದಿನದಿಂದ ಪಕ್ಕೆನೋವು ಎಂದು ಮುಲುಗುತ್ತಿದ್ದ ಹುಡುಗಿ ಆ ಸಂಜೆ ಎದ್ದು ಕೂತು ಒಂದು ಬಟ್ಟಲು ಓಟ್ಸ್ ಗಂಜಿ ಉಂಡಳು. ಅಜ್ಜಿ ಕಣ್ಣೊರೆಸಿಕೊಂಡಳು. ನಿನಿಯನ್ ಅದನ್ನು ನೋಡಿದ, ನೋಡದವನಂತೆ ಇದ್ದ. ಮಾರನೆಯ ದಿನ ಬೊಂಬೆಯನ್ನು ತನ್ನ ಪುಟ್ಟ ಕಬ್ಬಿಣದ ಒಲೆಯ ಮೇಲಿಟ್ಟು ಒಣಗಿಸಿದ. ಆಚೆ ಹುಡುಗಿಗೆ ದಾಹ ಹತ್ತಿತು. ನೀರು, ನೀರು ಎಂದು ಬಕೆಟ್ಟಿಗೇ ಬಾಯಿ ಹಾಕಿದಳು, ತುಟಿ ಒಡೆದು ರಕ್ತ ಜಿನುಗಿತು. ಒಡೆದ ತುಟಿ ಚಿತ್ರಕ್ಕೆ ಚೆನ್ನಾಗಿದೆ ಎಂದು ಅವನು ಅದನ್ನೂ ಬರೆದುಕೊಂಡ.

ಆಮೇಲೆ ಬೊಂಬೆಯನ್ನು ಸುತ್ತಿಗೆಯಿಂದ ಜಜ್ಜಿ ಪುಡಿ ಮಾಡಿದ. ಗಾಜಿನ ಹಲಗೆಯ ಮೇಲೆ ಸುರಿದು, ಅಗಸೆ ಎಣ್ಣೆ ಹಾಕಿ, ಕಲ್ಲಿನ ಗುಂಡಿನಿಂದ ಅರೆಯತೊಡಗಿದ. ಗರ ಗರ. ಹಲಗೆಗೋಡೆಯ ಆಚೆಯಿಂದ ಒಂದು ನರಳಿಕೆ ಬಂತು. ಅವನು ಕೈ ನಿಲ್ಲಿಸಿದ. ನರಳಿಕೆ ನಿಂತಿತು. ಮತ್ತೆ ಅರೆದ. ಮತ್ತೆ ಬಂತು. ಹಸು ಇರಬೇಕು ಎಂದುಕೊಂಡ. ಹಸು ಬೆಟ್ಟಕ್ಕೆ ಮೇಯಲು ಹೋಗಿತ್ತು.

ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅರೆದ. ನುಣ್ಣಗಾಗುವವರೆಗೆ ಅರೆದ.

ಬಣ್ಣ ಬಂತು ನೋಡಿ, ಅಂಥ ಬಣ್ಣ ಅವನು ಆಯಸ್ಸಿನಲ್ಲಿ ಕಂಡಿರಲಿಲ್ಲ. ಒಂದು ಎಳೆ ಹಚ್ಚಿದರೆ ಕೆನ್ನೆ ಕುಸಿಯುತ್ತಿತ್ತು. ಇನ್ನೊಂದು ಎಳೆಗೆ ರೆಪ್ಪೆ ಭಾರವಾಗುತ್ತಿತ್ತು. ರೆಪ್ಪೆಯ ಅಂಚು, ಮೂಗಿನ ಹೊಳ್ಳೆ, ತುಟಿಯ ಬಿರುಕು, ಇಂಥ ಸಣ್ಣ ಕೆಲಸಕ್ಕೆ ಕುಂಚದ ಮೊನೆ ಚೂಪಾಗಿರಬೇಕು. ಅದಕ್ಕೆ ಚಿತ್ರಕಾರರದು ಒಂದು ಕೊಳಕು ಚಾಳಿ: ಕುಂಚವನ್ನು ತುಟಿಗಳ ನಡುವೆ ಎಳೆದು, ಎಂಜಲಿನಲ್ಲಿ ಮೊನೆ ಮಾಡಿಕೊಳ್ಳುವುದು. ನಿನಿಯನ್‌ಗೆ ಹುಡುಗನಾಗಿದ್ದಾಗಿಂದ ಅದೇ ಅಭ್ಯಾಸ. ಮೊದಲ ಸಲ ನಾಲಿಗೆಗೆ ತಗಲಿದ್ದು ಕೊಳೆತ ಕೊಬ್ಬಿನ ಜಿಡ್ಡು, ಹೊಳೆಯ ಪಾಚಿ. ಹಲ್ಲಿನ ಸಂದಿಗೆ ಒಂದು ಕೆಂಗೂದಲು ಸಿಕ್ಕಿಕೊಂಡಿತು. ಎಳೆದು ತೆಗೆದ, ಉಗುಳಿದ, ಮತ್ತೆ ಕುಂಚ ಚೀಪಿದ. ಸಂಜೆಯ ಹೊತ್ತಿಗೆ ಉಗುಳುವುದನ್ನು ಬಿಟ್ಟು ನುಂಗತೊಡಗಿದ್ದ.

ದಿನಗಳು ಕಳೆದಂತೆ ಮಾರ್ಸಲಿಗೆ ಕೂರಲೂ ಆಗದಾಯಿತು. ಅವನು ಅವಳ ಬೆನ್ನಿಗೆ ಹುಲ್ಲಿನ ಮೂಟೆ ಕೊಟ್ಟು ಕೂರಿಸಿದ.

“ಅಯ್ಯಾ, ಮಲಕ್ಕೊಳ್ಳಾ?”

“ಇನ್ನೊಂಚೂರು ಕಣೇ. ಮೂಗು ಮುಗೀಲಿ.”

“ನಂಗೆ ಒಳಗೆಲ್ಲ ಒದ್ದೆ ಆಗ್ತಿದೆ.”

“ಬಟ್ಟೆ ಬದಲಾಯ್ಸು ಆಮೇಲೆ.”

“ಬಟ್ಟೆ ಅಲ್ಲಯ್ಯಾ. ಒಳಗೆ.” ಅವಳು ಎದೆ ಮುಟ್ಟಿ ತೋರಿಸಿದಳು. ಕೆಮ್ಮಿದಳು. ಬಾಯಿಂದ ಒಂದು ಗುಟುಕು ಕಂದು ನೀರು ಲಂಗದ ಮೇಲೆ ಬಿತ್ತು. ಅದರಲ್ಲಿ ಮಣ್ಣಿನ ಕಣಗಳಿದ್ದವು. ನಿನಿಯನ್‌ಗೆ ಅಸಹ್ಯವಾಯಿತು. ಅವಳ ಮೇಲೆ ಅಸಹ್ಯ, ಆ ಕೊಟ್ಟಿಗೆಯ ಮೇಲೆ ಅಸಹ್ಯ. ಮುಖ ತಿರುಗಿಸಿ ಕುಂಚ ಚೀಪಿದ.

ಅಷ್ಟರಲ್ಲಿ ಹುಡುಗಿ ಮೂಟೆಯ ಪಕ್ಕಕ್ಕೆ ಉರುಳಿದಳು. ಸದ್ದು ಕೇಳಿ ಅಜ್ಜಿ ಓಡಿ ಬಂದಳು, ಅವಳ ಹಿಂದೆ ಪಕ್ಕದ ಗುಡಿಸಲಿನ ಫರ್ಕರ್, ಬಾಗಿಲು ತುಂಬುವಂಥ ಆಳು. ಅಜ್ಜಿ ಮೊಮ್ಮಗಳನ್ನು ಎತ್ತಿ, ಆಚೆ ಮಲಗಿಸಲು ಅವನ ಕೈಗೆ ಕೊಟ್ಟಳು. ಆಮೇಲೆ ಮೂಗರಳಿಸಿದಳು. ಸಗಣಿಯ ನಾತದ ನಡುವೆಯೂ ಆ ಇನ್ನೊಂದು ನಾತವನ್ನು ಅವಳ ಮೂಗು ಹಿಡಿಯಿತು. ಚಿತ್ರದ ಮುಂದೆ ಬಂದು ನಿಂತಳು.

“ಈ ಮಣ್ಣು ಎಲ್ಲಿತ್ತು?”

“ಹೊಳೇಲಿ.”

“ಕೈಕಾಲಿತ್ತಾ?”

“ಕೈ ಇತ್ತು. ಕಾಲು ಕರಗಿತ್ತು.” ನಗಲು ನೋಡಿದ, ಆಗಲಿಲ್ಲ. “ಬರೀ ಮಣ್ಣು ಅಜ್ಜಿ ಅದು.”

ಅಜ್ಜಿ ಅಲ್ಲೇ ಕುಸಿದು ಕೂತಳು. ಕೂತವಳು ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು. ಆಚೆ ದಡದ ಇಶ್ಬಲ್ ಎಂಬವಳ ಮಗ ಮತ್ತು ಮಾರ್ಸಲಿಯ ಅಪ್ಪ ಹೋದ ವರ್ಷದ ಹಂಗಾಮಿಗೆ ಒಂದೇ ದೋಣಿಯಲ್ಲಿ ಹೋಗಿದ್ದರು. ಒಬ್ಬ ಬಂದ, ಒಬ್ಬ ಬರಲಿಲ್ಲ. ಬಂದವನ ಮಗಳ ತಲೆ ಬಾಚುವ ನೆವದಲ್ಲಿ ಇಶ್ಬಲ್ ಕೂದಲು ತೆಗೆದಿಟ್ಟುಕೊಂಡಳು, ಬೊಂಬೆ ಮಾಡಿದಳು, ಹರಿಯುವ ನೀರಿಗೆ ಇಟ್ಟಳು. ಬೊಂಬೆ ಕರಗಿದ ಹಾಗೆ ಮಗು ಕರಗಬೇಕು, ಅದು ಅವಳ ಮಾಟ. ಚಳಿಗಾಲದಲ್ಲಿ ಅವಳೂ ಸತ್ತಳು, ಎಲ್ಲಿಟ್ಟೆ ಎಂದು ಹೇಳದೆಯೇ ಸತ್ತಳು.

“ಮಾಡಿದೋಳು ಸತ್ಮೇಲೆ ಬಿಡ್ಸೋರಿಲ್ಲ. ಆದ್ರೆ ಬೊಂಬೆ ಇಡಿಯಾಗಿ ಸಿಕ್ಕಿ, ಒಣಗಿಸಿ ಇಟ್ಕೊಂಡ್ರೆ ಮಗು ಉಳಿಯುತ್ತೆ. ಒಂದು ಚೂರೂ ನೀರಿಗೆ ಬೀಳ್ಬಾರ್ದು, ಅಷ್ಟೆ. ಆರು ತಿಂಗಳಿಂದ ಹುಡುಕ್ತಿದೀನಿ ಕಣಯ್ಯಾ. ನೀನು ಅದನ್ನ ಜಜ್ಜಿದೆ.”

ನೀವು ಎನ್ನುತ್ತಿದ್ದವಳು ನೀನು ಎಂದಿದ್ದು ಅವನಿಗೆ ಮೊದಲು ನಾಟಿತು. “ಹಾಗಾದ್ರೆ ಕೆರೆದು ವಾಪಸ್ ಕೊಡ್ತೀನಿ, ತಗೋ!” ಎಂದು ಸಿಟ್ಟಿನಿಂದ ಬಣ್ಣದ ಚಾಕು ಹಿಡಿದು ಚಿತ್ರದ ಕೆನ್ನೆಯ ಮೇಲೆ ಎಳೆದ.

ಹಲಗೆಯ ಆಚೆ ಮಾರ್ಸಲಿ ಕಿರುಚಿದಳು. ಫರ್ಕರ್ ಕೂಗಿದ, “ಅಜ್ಜೀ! ಕೆನ್ನೆ ಚರ್ಮ ಎದ್ದು ಬರ್ತಿದೆ!”

ಚಾಕು ಬಿದ್ದುಹೋಯಿತು. ನಿನಿಯನ್ ಅಡ್ಡಗೋಡೆ ದಾಟಿ ಹೋಗಿ ನೋಡಿದ. ಹೊಗೆಗತ್ತಲಲ್ಲಿ, ಒಲೆಯ ಕೆಂಡದ ಬೆಳಕಿನಲ್ಲಿ, ಹುಡುಗಿಯ ಎಡಗೆನ್ನೆಯ ಮೇಲೆ ಚಾಕುವಿನ ಅಗಲದ ಗಾಯ ಹಸಿಯಾಗಿ ಹೊಳೆಯುತ್ತಿತ್ತು.

ಆಮೇಲೆ ಅವನು ಎದುರಾಡಲಿಲ್ಲ. ಚಿತ್ರವನ್ನು ಜೋಪಾನವಾಗಿ ಎತ್ತಿ ಒಲೆಯ ಮೇಲುಗಡೆ ಒಣಗಲು ತೂಗುಹಾಕಿದರು. ಗಾಜಿನ ಹಲಗೆ, ಗುಂಡು, ಕುಂಚ, ಬಣ್ಣ ಒರೆಸಿದ ಚಿಂದಿ, ಅವನ ಉಗುರಿನ ಸಂದಿಯ ಕೊಳೆ, ಕೋಟಿನ ಜೇಬಿನ ಪುಡಿ, ಎಲ್ಲವನ್ನೂ ಅಜ್ಜಿ ಒಂದು ಮಣ್ಣಿನ ಮುಚ್ಚಳದ ಗಡಿಗೆಗೆ ತುಂಬಿದಳು. ಗಾಯ ಹೆಪ್ಪುಗಟ್ಟಿತು. ಆದರೆ ಹುಡುಗಿಯ ಎದೆಯ ಗೊರಗೊರ ನಿಲ್ಲಲಿಲ್ಲ. ಕೆಮ್ಮಿದಾಗಲೆಲ್ಲ ಕಂದು ನೀರು.

“ಇನ್ನೂ ಎಲ್ಲೋ ಇದೆ,” ಅಂದಳು ಅಜ್ಜಿ. “ಎಲ್ಲೋ ಒದ್ದೇಲಿ ಇದೆ. ಕರಗ್ತಾ ಇದೆ. ಎಲ್ಲಿಟ್ಟಿದೀಯ ಹೇಳು.”

“ಎಲ್ಲೂ ಇಲ್ಲ. ದೇವರಾಣೆ ಎಲ್ಲೂ ಇಲ್ಲ.”

ಅಜ್ಜಿ ಒಂದು ಉರಿಯುವ ಕೊಳ್ಳಿ ಹಿಡಿದು ಅವನ ಮುಖದ ಹತ್ತಿರ ತಂದಳು. ಅವನ ತುಟಿಗಳನ್ನು ನೋಡಿದಳು. ಕೆಳದುಟಿಯ ನಟ್ಟನಡುವೆ, ಕುಂಚ ಎಳೆದೂ ಎಳೆದೂ ಕೂತ ಬೂದು ಗೆರೆ.

“ಅಯ್ಯೋ ನನ್ನ ಪಾಪಿ,” ಎಂದಳು ಅಜ್ಜಿ. “ತಿಂದಿದೀಯ.”

ಫರ್ಕರ್ ಅವನ ಎರಡೂ ತೋಳು ಹಿಂದಕ್ಕೆ ತಿರುಚಿ ಹಿಡಿದ. ಅಜ್ಜಿ ಮೀನಿನ ಪಿತ್ತಜನಕದ ಎಣ್ಣೆಯನ್ನು, ಉಪ್ಪು ಕದಡಿ, ಚೊಂಬಿನಿಂದ ಅವನ ಗಂಟಲಿಗೆ ಹೊಯ್ದಳು. ಅವನು ಬಗ್ಗಿದ. ಬಂತು. ಮೊದಲು ಬೆಳಗಿನ ಗಂಜಿ ಬಂತು, ಅದರ ಹಿಂದೆ ಬೂದು ಲೋಳೆ, ಅದರ ಹಿಂದೆ ಒಂದು ಕೆಂಗೂದಲ ಎಳೆ. ಅಜ್ಜಿ ಗಂಟಲಿಗೆ ಬೆರಳು ಹಾಕಿ ಎಳೆದಳು. ಎಳೆದಷ್ಟೂ ಬಂತು. ಹೊಟ್ಟೆಯ ಒಳಗೆಲ್ಲೋ ಸುತ್ತಿಕೊಂಡಿದ್ದದ್ದು ಬಿಚ್ಚಿಕೊಳ್ಳುತ್ತಾ ಬಂತು, ತುದಿಯಲ್ಲಿ ಉಗುರಿನ ಚೂರುಗಳು. ಅವನಿಗೆ ಅದನ್ನು ನೋಡಿಯೇ ಮತ್ತೆ ವಾಂತಿಯಾಯಿತು. ಅದೆಲ್ಲವನ್ನೂ ಅಜ್ಜಿ ಬರಿಗೈಯಲ್ಲಿ ಬಾಚಿ ಬಾಣಲೆಗೆ ಹಾಕಿ ಕೆಂಡದ ಮೇಲಿಟ್ಟಳು. ಅದು ಒಣಗುವಾಗ ಎದ್ದ ವಾಸನೆಗೆ ಫರ್ಕರ್‌ನಂಥ ಆಳೇ ಹೊರಗೆ ಓಡಿದ.

ಮಾರ್ಸಲಿಯ ಗೊರಗೊರ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ.

“ಸ್ವಲ್ಪ ನಿನ್ನ ರಕ್ತಕ್ಕೆ ಸೇರಿಬಿಟ್ಟಿದೆ, ಮಗಾ,” ಎಂದಳು ಅಜ್ಜಿ, ಕೈ ಒರೆಸಿಕೊಳ್ಳುತ್ತಾ. ದನಿಯಲ್ಲಿ ದ್ವೇಷವಿರಲಿಲ್ಲ, ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. “ಅದನ್ನ ತೆಗೆಯೋಕಾಗಲ್ಲ. ನೀನೇ ಇಲ್ಲಿರ್ಬೇಕು. ಒಣಗಿ ಇರ್ಬೇಕು.”

ಫರ್ಕರ್ ಇನ್ನೂ ಹೊರಗೆ ಓಕರಿಸುತ್ತಿದ್ದ. ಬಾಗಿಲು ತೆರೆದಿತ್ತು. ನಿನಿಯನ್ ಹಾರಿ ಓಡಿದ.

ಮಧ್ಯಾಹ್ನದ ಬಿಳಿ ಬೆಳಕು, ಸೋನೆ. ಮೊದಲ ಹನಿ ಹಣೆಯ ಮೇಲೆ ಬಿದ್ದಾಗ ಚುರುಕ್ಕೆಂದಿತು. ಒರೆಸಿದ. ಅಂಗೈಗೆ ಕೆಸರು ಬಂತು. ಹುಚ್ಚು ಮುದುಕಿ, ಹುಚ್ಚು ಊರು ಎಂದು ಬಾಯಿಗೆ ಬಂದಂತೆ ಬಯ್ಯುತ್ತಾ ಓಡಿದ. ಹೊಳೆ ದಾಟಿದರೆ ದಾರಿ. ದಾರಿ ಹಿಡಿದರೆ ಎಡಿನ್‌ಬರೋ. ಹಿಂದೆ ಅಜ್ಜಿಯ ಕೂಗು.

“ನೀರಿಗಿಳೀಬೇಡ್ವೋ! ಮಗು ಸಾಯುತ್ತೆ! ನೀರಿಗಿಳೀಬೇಡ!”

ಅವನು ಕೇಳಿದ. ಕೇಳಿಯೂ ಇಳಿದ.

ಎಡಗಾಲು ಇಟ್ಟ. ಬೂಟಿನೊಳಗೆ ನೀರು ನುಗ್ಗಿತು. ತಣ್ಣಗೆ. ನೋವಿಲ್ಲ. ಒಂದು ಥರ ಹಾಯೆನಿಸಿತು. ಕಾಲು ಎತ್ತಲು ನೋಡಿದ. ಹಗುರವಾಗಿತ್ತು. ತೀರಾ ಹಗುರ. ಬೂಟಿನ ಬಾಯಿಂದ ಕಂದು ನೀರು ಎಳೆಯಾಗಿ ಹೊರಟು ಹರಿವಿನಲ್ಲಿ ಕೂಡುತ್ತಿತ್ತು. ಬೆರಳು ಮಡಿಸಲು ನೋಡಿದ. ಬೆರಳಿಲ್ಲ. ಬೂಟು ಜಾರಿತು. ತೇಲಿ ಹೋಯಿತು. ಕಣಕಾಲಿನ ಕೆಳಗೆ ಒಂದು ಮಣ್ಣಿನ ಮುದ್ದೆ. ಅದೂ ಕರಗುತ್ತಿತ್ತು. ಗುಡಿಸಲಿನಿಂದ ಮಾರ್ಸಲಿಯ ಕಿರುಚು ಬಂತು, ನೀರಿನಲ್ಲಿ ಮುಳುಗುವವರ ಕಿರುಚು. ಅವನೂ ಕಿರುಚಿದ. ಬಾಯಿಗೆ ಮಳೆ ಬಿತ್ತು. ನಾಲಿಗೆ ಮೆತ್ತಗಾಯಿತು.

ಫರ್ಕರ್ ಕಂಕುಳಿಗೆ ಕೈಹಾಕಿ ಅವನನ್ನು ದಡಕ್ಕೆ ಎಳೆದುಕೊಂಡ.

ಹೆರಿಂಗ್ ಮೀನಿನ ಹಂಗಾಮು ಮುಗಿದು ಮಾರ್ಸಲಿಯ ಅಪ್ಪ ಮನೆಗೆ ಬರುವ ಹೊತ್ತಿಗೆ ಅವನ ಮಗಳು ಬೆಟ್ಟ ಹತ್ತಿ ಇಳಿಯುವಂತಾಗಿದ್ದಳು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಕೆನ್ನೆಯ ಮೇಲೆ ಗಾಯದ ಕಲೆ ಉಳಿದಿತ್ತು. ಉಳಿದಂತೆ ಗುಂಡುಕಲ್ಲಿನ ಹಾಗೆ ಇದ್ದಳು. ತಟ್ಟೆ ತುಂಬ ಆಲೂಗಡ್ಡೆ ತಿಂದು ಇನ್ನೂ ಕೇಳುತ್ತಿದ್ದಳು. ಪಡುವಣ ಮಳೆ ಹಗಲಿರುಳು ಹೊಯ್ಯುತ್ತಿದ್ದರೂ ಗೋರ್ಮಲ್ ಅಜ್ಜಿಯ ಸೂರು ಒಂದು ಹನಿ ಸೋರುತ್ತಿರಲಿಲ್ಲ. ಊರಿನವರೆಲ್ಲ ಸೇರಿ ಹೊಸ ಹುಲ್ಲು ಹೊದಿಸಿದ್ದರು.

ಒಲೆಯ ಪಕ್ಕದ ಮೂಲೆಯಲ್ಲಿ ನಿನಿಯನ್ ಪರ್ಡಿ ಕೂತಿರುತ್ತಿದ್ದ. ಅವನಿಗೆ ಒಣ ರೊಟ್ಟಿ, ಗುಟುಕು ನೀರು. ಮೈ ಬೂದುಬಣ್ಣಕ್ಕೆ ತಿರುಗಿ ಮೊಣಕೈಯಲ್ಲಿ, ಕತ್ತಿನಲ್ಲಿ ಬಿರುಕು ಬಿಟ್ಟಿತ್ತು. ಬಿರುಕು ದೊಡ್ಡದಾದರೆ ಮಾರ್ಸಲಿಗೆ ಅಲ್ಲೇ ನೋವು ಶುರುವಾಗುತ್ತಿತ್ತು, ಆದ್ದರಿಂದ ದಿನವೂ ಅವನಿಗೆ ಮೀನೆಣ್ಣೆ ಹಚ್ಚಬೇಕು. ಅತ್ತರೆ ಅಜ್ಜಿ ಓಡಿ ಬಂದು ಕಣ್ಣಿಗೆ ಬೂದಿ ಒತ್ತುತ್ತಿದ್ದಳು, ಯಾಕೆಂದರೆ ಕಣ್ಣೀರೂ ನೀರೇ.

“ಥೂ, ಅಜ್ಜಿ, ನಾನು ಮುಟ್ಟಲ್ಲ ಇವನ್ನ,” ಮಾರ್ಸಲಿ ಎಣ್ಣೆಯ ಬಟ್ಟಲು ಹಿಡಿದು ಮೂಗು ಮುಚ್ಚಿಕೊಂಡಳು. “ಗಬ್ಬು ನಾತ. ನೋಡಿದ್ರೆ ವಾಂತಿ ಬರುತ್ತೆ.”

“ನಿಂದೇ ಜೀವ ಕಣೇ ಅದು. ಸುಮ್ನೆ ಹಚ್ಚು. ಕಿವಿ ಹಿಂದೆ ಬಿಡ್ಬೇಡ.”

ಹುಡುಗಿ ಮುಖ ಸಿಂಡರಿಸಿಕೊಂಡು ಎರಡು ಬೆರಳ ತುದಿಯಲ್ಲಿ ಹಚ್ಚತೊಡಗಿದಳು. ನಿನಿಯನ್ ನಾಲಿಗೆ ಹೊರಳಿಸಿದ. ಮಾತು ಈಗ ಕಷ್ಟವಾಗಿತ್ತು.

“ಅಜ್ಜೀ... ಎಷ್ಟು ದಿನ?”

“ಇವಳು ಇರೋವರೆಗೂ.”

“ನಾನು... ಮೊದಲು ಸತ್ರೆ?”

ಅಜ್ಜಿ ತಲೆಯೆತ್ತಿ ತೊಲೆಯ ಕಡೆ ನೋಡಿದಳು. ಅಲ್ಲಿ ಕಳೆದ ವರ್ಷದ, ಅದರ ಹಿಂದಿನ ವರ್ಷದ ಮೀನುಗಳು ಹೊಗೆಯಲ್ಲಿ ಕಪ್ಪಗೆ, ಗಟ್ಟಿಯಾಗಿ, ಬಾಯಿ ತೆರೆದುಕೊಂಡು ಸಾಲಾಗಿ ನೇತಾಡುತ್ತಿದ್ದವು. ಅವುಗಳ ನಡುವೆ ಹೊಸದೊಂದು ಕೊಕ್ಕೆ ಹೊಡೆದಿತ್ತು, ದೊಡ್ಡದು.

“ಅದ್ಕೆಲ್ಲ ನೀನು ಚಿಂತೆ ಮಾಡ್ಬೇಡ, ಮಗಾ,” ಎಂದಳು ಅಜ್ಜಿ, ನಿಜವಾದ ಕನಿಕರದಿಂದ. “ನಮ್ಮ ಮನೆ ಹೆಂಗಸ್ರು ನೂರರ ಹತ್ರ ಬದುಕೋರು. ಅಷ್ಟು ದಿನ ಕೆಡದ ಹಾಗೆ ಇಡೋದು ನಮಗೆ ಗೊತ್ತು.”